ಹಿತ್ತಾಳೆಯೊಳಗೆ ಸಿಕ್ಕಿಕೊಂಡ ಟ್ಯಾಪ್

ಟ್ಯಾಪ್ ಮುರಿಯುವಾಗ ದೊಡ್ಡ ಸದ್ದೇನೂ ಆಗುವುದಿಲ್ಲ. ಒಣಗಿದ ಹುಣಸೆಕಾಯಿಯನ್ನು ಬೆರಳಲ್ಲಿ ಒತ್ತಿದರೆ ಬರುವಷ್ಟು ಸದ್ದು, ಅಷ್ಟೇ. ಆಮೇಲೆ ಅಂಗಡಿಯಲ್ಲಿ ಒಂದು ಮೌನ. ಟ್ಯಾಪಿನ ಹಿಡಿ ಹಿಡಿದವನ ಕೈ ಹಾಗೇ ಗಾಳಿಯಲ್ಲಿ ನಿಂತಿರುತ್ತದೆ. ಅವನು ಯಾರ ಮುಖವನ್ನೂ ನೋಡುವುದಿಲ್ಲ. ಆ ಮೌನ ಮುಗಿದ ಮೇಲೆ ಯಾರೋ ಒಬ್ಬರು ನಮ್ಮ ಮನೆಯ ದಾರಿ ಹಿಡಿಯುತ್ತಿದ್ದರು.

ಮುರಿದ ಟ್ಯಾಪ್ ತೆಗೆಯುವ ಈ ಕೆಲಸಕ್ಕೆ ಹೊಸದಾಗಿ ಬರುವವರು ಒಬ್ಬಿಬ್ಬರು ಆಗಾಗ ಬಂದು, ಹೇಗಿತ್ತು ಹೇಳಿ ಅನ್ನುತ್ತಾರೆ. ನಾನೀಗ ಕೆಲಸ ಬಿಟ್ಟು ಕೂತಿದ್ದೇನೆ, ಸೂಜಿಗೆ ದಾರ ಪೋಣಿಸಲೂ ಬೆಳಕು ಹುಡುಕುವ ಕಣ್ಣು. ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆಂದು ಬರೆಯುತ್ತಿದ್ದೇನೆ. ಮುಖ್ಯವಾಗಿ ಅಕ್ಕೂರಿನ ಜಯಮ್ಮನ ವಾಲ್ವಿನ ಬಗ್ಗೆ ಹೇಳಬೇಕು. ಒಂದು ಮುರಿದ ತುಂಡಿನಿಂದ ಒಂದು ಮನೆಯ ರೇಷ್ಮೆ ಕೆಲಸ ಶುರುವಾಗುವ ಮೊದಲೇ ನಿಂತುಹೋಗುವುದರಲ್ಲಿತ್ತು. ಆದರೆ ಅಲ್ಲಿಗೆ ಹೋಗುವ ಮುನ್ನ ಒಂದಿಷ್ಟು ಬೇರೆ ಮಾತು.

ಕಬ್ಬಿಣಕ್ಕೋ ಹಿತ್ತಾಳೆಗೋ ತೂತು ಕೊರೆದ ಮೇಲೆ, ಬೋಲ್ಟು ಹಿಡಿದು ಕೂರಲು ಅದರ ಒಳಗೋಡೆಗೆ ಸುರುಳಿ ಗೆರೆ, ಅಂದರೆ ಥ್ರೆಡ್, ಹಾಕಬೇಕು. ಆ ಥ್ರೆಡ್ ಹಾಕುವ ಗಟ್ಟಿ ಉಕ್ಕಿನ ಕಡ್ಡಿಯೇ ಟ್ಯಾಪ್. ಗಟ್ಟಿಯಾಗಿರುವುದರಿಂದಲೇ ಅದು ಬಾಗುವುದಿಲ್ಲ, ಮುರಿದುಬಿಡುತ್ತದೆ. ಒಳಗೆ ಉಳಿದ ತುಂಡನ್ನು ಡ್ರಿಲ್ ಹಾಕಿ ತೆಗೆಯೋಣವೆಂದರೆ ಡ್ರಿಲ್ಲೇ ಜಾರಿ ಪಕ್ಕದ ಮೆತ್ತಗಿನ ಲೋಹವನ್ನು ತಿನ್ನುತ್ತದೆ. ಆಗ ಜಾಬನ್ನು, ಅಂದರೆ ಕೆಲಸ ನಡೆಯುತ್ತಿರುವ ಆ ಲೋಹದ ವಸ್ತುವನ್ನು, ಬಿಸಾಡಬೇಕು. ಇಲ್ಲವೇ ನನ್ನಂಥವರ ಹತ್ತಿರ ತರಬೇಕು.

ನಾನು ಮನೆಯಲ್ಲೇ ಇದ್ದವಳು. ರಾಮನಗರದ ನಮ್ಮ ಮನೆಯ ಹಿತ್ತಿಲ ಬಾಗಿಲು ತೆರೆದರೆ ಮಾವನವರ ಲೇತ್ ಅಂಗಡಿ. ಅಡುಗೆಮನೆಗೂ ಅಂಗಡಿಗೂ ನಡುವೆ ಒಂದು ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ. ಆ ಗಿಡದ ಎಲೆಗೆ ಯಂತ್ರದೆಣ್ಣೆಯ ಸಣ್ಣ ವಾಸನೆ ಹತ್ತಿತ್ತೆಂದು ಕಾಣುತ್ತದೆ. ನಮಗ್ಯಾರಿಗೂ ಗೊತ್ತಾಗಿರಲಿಲ್ಲ. ಒಮ್ಮೆ ಬಂದ ನೆಂಟರು ಸಾರು ಸುರಿದುಕೊಂಡು, "ಏನೋ ಒಂದು ಬೇರೆ ಥರ ಘಮ ಇದೆ, ಏನು ಹಾಕಿದ್ದೀರಿ?" ಎಂದು ಮೆಚ್ಚಿ ಕೇಳಿದ್ದರು.

ಮಾವನವರು ನನ್ನ ಮೊದಲ ಮೇಲಧಿಕಾರಿ, ಕೊನೆಯವರೂ ಅವರೇ. ಮುರಿದ ಟ್ಯಾಪಿಗೆ ಅವರ ದಾರಿ ಒಂದೇ: ಸಣ್ಣ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹಿಮ್ಮುಖವಾಗಿ ತಟ್ಟುವುದು. ಕೆಲವು ತಿರುಗಿ ಬರುತ್ತಿದ್ದವು. ಕೆಲವು ಪುಡಿಯಾಗಿ ಇನ್ನೂ ಬಿಗಿದುಕೊಳ್ಳುತ್ತಿದ್ದವು. ಆಗ ಅವರು ಬೀಡಿ ಹಚ್ಚಿ ಹೊರಗೆ ಕಟ್ಟೆಯ ಮೇಲೆ ಕೂತುಬಿಡುವರು; ಯಾರೂ ಮಾತಾಡಿಸುವಂತಿಲ್ಲ. ಅಂಥ ಒಂದು ಹೊತ್ತಿನಲ್ಲಿ ಕಾಫಿ ಕೊಡಲು ಹೋದವಳು ಆ ಜಾಬನ್ನು ಬಗ್ಗಿ ನೋಡಿದೆ. ತೂತಿನ ತಳದಲ್ಲಿ ಮುರಿದ ಉಕ್ಕು ಬೆಳ್ಳಿಯ ಹೂವಿನ ಹಾಗೆ ಹೊಳೆಯುತ್ತಿತ್ತು. ಟ್ಯಾಪಿನ ಮೈಯಲ್ಲಿ ಉದ್ದಕ್ಕೆ ಕಾಲುವೆಗಳಿರುತ್ತವೆ, ಕೊರೆದ ಪುಡಿ ಹೊರಬರಲೆಂದು. ಹೂವಿನ ಎಸಳುಗಳ ನಡುವೆ ಕಂಡ ಸಂದು ಅದೇ.

"ಮಾವ, ಈ ಸಂದುಗಳೊಳಗೆ ಏನಾದರೂ ತೂರಿಸಿ ತಿರುಗಿಸಿದರೆ ಆಗುವುದಿಲ್ಲವಾ?"

"ಏನ್ ತೂರುಸ್ತೀಯವ್ವ, ನಿನ್ ಬಳೆ ತೂರುಸ್ತೀಯಾ?"

ನಾನು ಅಟ್ಟ ಹತ್ತಿದೆ. ಕಾನ್ವೆಂಟಿನಲ್ಲಿ ಕಸೂತಿ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು, ತಪ್ಪಿದ ಹೊಲಿಗೆ ಬಿಚ್ಚುವುದನ್ನೇ ಒಂದು ಪಾಠವೆಂದು ವಾರಗಟ್ಟಲೆ ಕಲಿಸಿದ್ದರು. ಅಲ್ಲೊಂದು ಹೊಲಿಗೆ ಇತ್ತೆಂದು ಬಟ್ಟೆಗೆ ನೆನಪಿರಬಾರದು ಎನ್ನುವರು. ಅಟ್ಟದಲ್ಲಿದ್ದ ಹಳೆಯ ಕೊಡೆಯ ಕಡ್ಡಿ ಮುರಿದು, ಮೂರು ತುಂಡು ಮಾಡಿ, ತುದಿ ಸಣ್ಣಗೆ ಉಜ್ಜಿ, ಮೂರು ಸಂದುಗಳಿಗೂ ಇಳಿಸಿದೆ. ಎಣ್ಣೆ ಬಿಟ್ಟು, ಒಂದು ಹೊತ್ತು ಸುಮ್ಮನೆ ಬಿಟ್ಟು, ಆಮೇಲೆ ಮೂರನ್ನೂ ಒಟ್ಟಿಗೆ ಹಿಡಿದು ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ತೊಟ್ಟಿಲು ಅಲ್ಲಾಡಿಸುವಷ್ಟೇ ಬಲ. ಟ್ಯಾಪ್ ನಿದ್ದೆಯಿಂದೆದ್ದ ಹಾಗೆ ಸ್ವಲ್ಪ ಅಲುಗಿತು. ಮಾವನವರು ಬಂದು ನೋಡಿ, "ಕೊಡೆ ಹಾಳ್ಮಾಡ್ಬುಟ್ಟಲ್ಲವ್ವ" ಎಂದಷ್ಟೇ ಅಂದರು. ಮುಂದಿನ ಸಂತೆಯ ದಿನ ಯಾರದೋ ಮನೆಯಿಂದ ಇನ್ನೊಂದು ಮುರುಕು ಕೊಡೆ ತಂದು, ಅಡುಗೆಮನೆಯ ಮೊಳೆಗೆ ನೇತುಹಾಕಿ ಹೋದರು. ಅಂದಿನಿಂದ ಮುರಿದ ಟ್ಯಾಪ್‌ಗಳು ಒಗೆಯುವ ಕಲ್ಲು ದಾಟಿ ನನ್ನ ಕಡೆಗೆ ಬರಲು ಶುರುವಾದವು.

ಹೊಸಬರು ಇದನ್ನೊಂದು ಗಮನಿಸಿ: ಮೊದಲು ನೋಡಬೇಕು. ಕೈ ಹಾಕುವ ಆತುರ ಬೇಡ. ತೂತಿನೊಳಗೆ ಬೆಳಕು ಬಿಟ್ಟು ನೋಡಿದರೆ, ಏಕೆ ಮುರಿಯಿತೆಂದು ತುಂಡೇ ಹೇಳುತ್ತದೆ.

ಬಿಡದಿ ಕಡೆಯಿಂದ ಒಬ್ಬ ಹುಡುಗ ಬರುತ್ತಿದ್ದ, ತಗಡು ಒತ್ತುವ ಸಣ್ಣದೊಂದು ಪ್ರೆಸ್ ಅಂಗಡಿ ಇಟ್ಟುಕೊಂಡವನು. ಆಯುಧಪೂಜೆ ಮುಗಿದ ಮೇಲೆ ಒಮ್ಮೆ ಬಾಡಿದ ಮುಖದಲ್ಲಿ ಬಂದ. "ಅಕ್ಕ, ಹಬ್ಬ ಆದಾಗಿಂದ ಟ್ಯಾಪ್ ಮುರೀತಾನೇ ಅವೆ. ಯಾರೋ ಕಣ್ಣಾಕ್ಬುಟ್ಟವ್ರೆ. ನಿಂಬೆಹಣ್ಣು ಕಟ್ಟಿದ್ರೂ ಬುಡ್ನಿಲ್ಲ." ನಾನು ಟಾರ್ಚು ಬಿಟ್ಟು ನೋಡಿದೆ. ಪ್ರತಿ ತೂತಿನ ಒಳಗೂ ಒಂದು ಕೆಂಪು ಬಳೆ. ಅರಿಸಿನ, ಕುಂಕುಮ, ಗಂಧ ಮೂರೂ ಕಲಸಿಕೊಂಡು, ಒಣಗಿ, ಗಾರೆಯಂತೆ ಕಚ್ಚಿಕೊಂಡಿತ್ತು. ಪೂಜೆ ಮಾಡಿದವರು ಅವನ ತಾಯಿ. ಮಾರನೇ ದಿನ ಅವರನ್ನೂ ಕರೆದುಕೊಂಡು ಬಂದ. ಆಕೆಗೆ ಹೇಳಿದರೆ ಅಚ್ಚರಿ.

"ಎಲ್ಲಾ ತೂತ್ಗೂ ಇಟ್ಟಿದ್ದೀನಿ ಕಣವ್ವ. ಒಂದುಕ್ಕಿಟ್ಟು ಇನ್ನೊಂದ ಬುಟ್ರೆ ಆದಾದಾ?"

"ಅಮ್ಮ, ಮೈಮೇಲೆ ಇಡಿ, ಬಾಯಿಗೆ ಮಾತ್ರ ಬೇಡ" ಎಂದೆ. ಆಕೆ ತಲೆಯಾಡಿಸಿ, "ಮಗೀಗೂ ಅಂಗೇ ಅಲ್ವಾ" ಎಂದು ತಾವೇ ಒಪ್ಪಿಕೊಂಡರು. ಆದರೂ ಹಬ್ಬ ಕಳೆದ ವಾರ ಸುತ್ತಲಿನ ಯಾವ್ಯಾವುದೋ ಅಂಗಡಿಗಳಿಂದ ಕೆಂಪು ಬಾಯಿಯ ಜಾಬುಗಳು ಬರುವುದು ನಿಲ್ಲಲಿಲ್ಲ. ನನಗೂ ಅವನ್ನು ಕಂಡರೆ ಒಂದು ಬಗೆಯ ಅಕ್ಕರೆ.

ಆಮೇಲೆ ಸ್ಪಾರ್ಕ್ ಮೆಷಿನ್ ಬಂತು. ನಮ್ಮವರು, ಅಂದರೆ ನನ್ನ ಯಜಮಾನರು, ಲೇತ್ ನೋಡಿಕೊಳ್ಳುತ್ತಿದ್ದರು; ಇದನ್ನು ನನ್ನ ಪಾಲಿಗೆ ಬಿಟ್ಟರು. ಎಳನೀರು ಹೀರುವ ಕೊಳವೆಯಷ್ಟು ಸಣ್ಣ ಹಿತ್ತಾಳೆಯ ನಳಿಗೆ ಮೇಲಿನಿಂದ ಇಳಿಯುತ್ತದೆ, ಟ್ಯಾಪಿಗೆ ಮುಟ್ಟುವುದಿಲ್ಲ. ನಡುವಿನ ಕೂದಲೆಳೆಯ ಸಂದಿನಲ್ಲಿ ಕಿಡಿ ಹಾರಿ ಹಾರಿ ಉಕ್ಕನ್ನು ಕಣಕಣವಾಗಿ ತಿನ್ನುತ್ತದೆ. ಮೇಲೆ ನೀರು ಹರಿಯುತ್ತಲೇ ಇರುತ್ತದೆ. ನೀರಿನ ಕೆಳಗೆ ನೀಲಿ ಬೆಳಕು. ದೂರದಲ್ಲಿ ಯಾರೋ ಒಣಗಿದ ಎಲೆಗಳ ಮೇಲೆ ನಡೆಯುತ್ತಿರುವ ಹಾಗೆ ಸದ್ದು. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ ನಾನು ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ತೆರೆದ ಬಾಗಿಲಿನಾಚೆ ಬೆಟ್ಟದ ಬಂಡೆಗಳು ಬಿಸಿಲಿಗೆ ಮಂಜಾಗಿ ಕಾಣುವುವು. ಮೈಸೂರಿನ ಕಡೆಗೆ ಒಂದು ರೈಲು ಹೋಗುವುದು. ಆ ಬಂಡೆಗಳನ್ನೂ ಮುಟ್ಟದೆಯೇ ಏನೋ ಒಂದು ಹೀಗೆ ತಿನ್ನುತ್ತಿರಬಹುದೇ, ಬೆಟ್ಟದ ಒಳಗೂ ಯಾವುದೋ ಕಾಲದ ತುಂಡೊಂದು ಸಿಕ್ಕಿಕೊಂಡಿರಬಹುದೇ ಎಂದೆಲ್ಲ ಯೋಚನೆ ಬರುವುದು. ಕಣ್ಣು ಮುಚ್ಚಿದರೂ ಹೆದರಿಕೆಯಿರಲಿಲ್ಲ. ನಳಿಗೆ ಟ್ಯಾಪಿಗೆ ತಗುಲಿದರೆ ಸದ್ದು ನಿಲ್ಲುತ್ತದೆ, ಆ ನಿಶ್ಶಬ್ದಕ್ಕೆ ತಟ್ಟನೆ ಎಚ್ಚರವಾಗುತ್ತದೆ.

ಪಟಿಕದ ದಾರಿ ಮಾತ್ರ ಯಂತ್ರಕ್ಕಿಂತ ಹಳೆಯದು. ಚನ್ನಪಟ್ಟಣದ ಸ್ಟೇಷನ್ನಿನ ಹತ್ತಿರ ಗೋಡೆ ಗಡಿಯಾರ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದರು. ಅವರ ಮೇಜಿನ ಮೇಲೆ ಒಂದು ಗಾಜಿನ ಬಟ್ಟಲು, ಅದರಲ್ಲಿ ಹಿತ್ತಾಳೆಯ ತಟ್ಟೆ ಮುಳುಗಿಸಿಟ್ಟಿದ್ದರು. ಏನೆಂದು ಕೇಳಿದೆ. "ಸ್ಕ್ರೂ ಮುರಿದಿದೆ ತಾಯಿ. ಪಟಿಕದ ನೀರು ಉಕ್ಕನ್ನ ತಿನ್ನುತ್ತೆ, ಹಿತ್ತಾಳೇನ ಬಿಡುತ್ತೆ" ಎಂದರು. ಕ್ಷೌರದಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ಕೆನ್ನೆಗೆ ಉಜ್ಜುವ ಬಿಳಿ ಕಲ್ಲೇ ಪಟಿಕ. ಅದರ ನೀರನ್ನು ಸಣ್ಣ ಉರಿಯಲ್ಲಿ ಬಿಸಿಯಾಗಿಟ್ಟರೆ ಕೆಲಸ ಬೇಗ. ಹಿತ್ತಾಳೆಗೆ, ಅಲ್ಯೂಮಿನಿಯಮ್ಮಿಗೆ ಆದೀತು. ಕಬ್ಬಿಣಕ್ಕೆ ಕೂಡದು. ಇದನ್ನು ಅರ್ಧ ಕೇಳಿಸಿಕೊಂಡು ಹೋದ ಮಾಗಡಿಯ ಒಬ್ಬರು ಬೀಡಿನ, ಅಂದರೆ ಎರಕದ ಕಬ್ಬಿಣದ, ಪಂಪನ್ನೇ ಹಂಡೆಯಲ್ಲಿ ಕುದಿಸಿ, ನಾಲ್ಕು ದಿನ ಬಿಟ್ಟು ಬಂದರು. ಬಾಗಿಲಲ್ಲೇ ನಿಂತು, "ಅಕ್ಕ, ಟ್ಯಾಪೂ ಹೋಯ್ತು, ಪಂಪೂ ಹೋಯ್ತು" ಎಂದರು. ನಮ್ಮವರು ನಗು ತಡೆಯಲಾರದೆ ಲೇತಿನ ಹಿಂದೆ ಹೋಗಿ ನಿಂತರು.

ಇನ್ನು ಜಯಮ್ಮ.

ಅವಳೂ ಅವಳ ಗಂಡ ನಂಜೇಗೌಡನೂ ನಮ್ಮ ಬಾಗಿಲಿಗೆ ಬಂದದ್ದು ಒಂದು ಮಳೆಯ ಬೆಳಿಗ್ಗೆ. ಇಬ್ಬರೂ ನೆನೆದಿದ್ದರು, ಅವನ ತೋಳಿನಲ್ಲಿ ಗೋಣಿಚೀಲ ಸುತ್ತಿದ ಗಂಟು ಮಾತ್ರ ಒಣಗಿತ್ತು. ಬಿಚ್ಚಿದರೆ ಬಾಯ್ಲರಿನ ಹಬೆ ಬಿಡುವ ವಾಲ್ವ್, ಹಿತ್ತಾಳೆಯದು, ಎರಡು ಅಂಗೈಯಷ್ಟು ದೊಡ್ಡದು. ಮುಚ್ಚಳ ಹಿಡಿಯುವ ಬೋಲ್ಟಿನ ತೂತುಗಳಲ್ಲಿ ಒಂದರೊಳಗೆ ಟ್ಯಾಪ್ ಮುರಿದು ಕೂತಿತ್ತು. ಸವೆದ ಥ್ರೆಡ್ ಸರಿಮಾಡಲು, ಬಾಯ್ಲರ್ ಕೂರಿಸಿದ ಫಿಟ್ಟರನ ಟ್ಯಾಪ್ ಇಸಿದುಕೊಂಡು ನಂಜೇಗೌಡನೇ ತಿರುಗಿಸಿದ್ದನಂತೆ.

"ಇದು ಕೂತ್ಕಂಡ್ರೆ ಬಾಯ್ಲರ್ ಕೂತಂಗೆ ಕಣಕ್ಕ," ಎಂದಳು ಜಯಮ್ಮ. "ಹಬೆ ಇಲ್ಲ, ಬಿಸ್ನೀರಿಲ್ಲ. ಗೂಡೆಲ್ಲ ತಟ್ಟೇಲಿ ಜೀವಂತ ಅವೆ."

ರೇಷ್ಮೆ ಗೂಡಿನೊಳಗಿನ ಹುಳವನ್ನು ಹಬೆಯಲ್ಲಿ ಸಾಯಿಸದಿದ್ದರೆ ಅದು ಚಿಟ್ಟೆಯಾಗುತ್ತದೆ. ಗೂಡಿನ ಒಂದು ತುದಿಯನ್ನು ಒದ್ದೆ ಮಾಡಿ, ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ, ಎಳೆಯೆಲ್ಲ ತುಂಡು. ಬಿಸಿಲಿದ್ದರೆ ಒಣಗಿಸಿಯಾದರೂ ತಡೆಯಬಹುದಿತ್ತು. ಆ ವಾರ ಬಿಸಿಲಿನ ಮುಖ ಯಾರೂ ಕಂಡಿರಲಿಲ್ಲ.

ಅದು ಅವರ ಮನೆಯಲ್ಲೇ ನೂಲು ತೆಗೆಯಬೇಕೆಂದಿದ್ದ ಮೊದಲ ಬೆಳೆ. ಅಲ್ಲಿಯವರೆಗೆ ಹುಳ ಸಾಕಿ, ಗೂಡನ್ನು ಮಾರುಕಟ್ಟೆಗೆ ಹಾಕಿ ಬರುವುದಷ್ಟೇ. ನಂಜೇಗೌಡ ಹುಡುಗನಾಗಿದ್ದಾಗಿನಿಂದ ಬೇರೆಯವರ ಕಾರ್ಖಾನೆಯಲ್ಲಿ ರಾಟೆ ತಿರುಗಿಸಿದವನು. ಜಯಮ್ಮ ಮದುವೆಗೆ ಮುಂಚೆ ಬೇಸಿನ್ ಮುಂದೆ ಕೂತು ಬಿಸಿನೀರಿನಲ್ಲಿ ಎಳೆ ಹಿಡಿದವಳು. ಇಬ್ಬರಿಗೂ ಗೊತ್ತಿರುವ ಕೆಲಸ, ತಮ್ಮ ಮನೆಯಲ್ಲೇ ಯಾಕಾಗಬಾರದೆಂದು ಅವಳು ಹಟ ಹಿಡಿದು, ಚನ್ನಪಟ್ಟಣದಲ್ಲಿ ಮುಚ್ಚಿದ್ದ ಒಂದು ಕಾರ್ಖಾನೆಯ ಹಳೇ ಬಾಯ್ಲರ್ ತರಿಸಿದ್ದಳು. ಗಂಡನ ಅಣ್ಣ ಕರೀಗೌಡರಿಗೆ ಅದು ಬೇಕಿರಲಿಲ್ಲ.

"ನಮ್ಮ ಬಾವ ಹೇಳ್ಬುಟ್ಟವ್ರೆ," ಎಂದಳು. "ನಾಳೆ ಮಧ್ಯಾಹ್ನಕ್ಕೆ ಹಬೆ ಬರ್ನಿಲ್ಲ ಅಂದ್ರೆ ಗೂಡ್ನೆಲ್ಲ ಟೆಂಪೋಗೆ ತುಂಬ್ಕಂಡು ಮಾರ್ಕೆಟ್ಗೆ ಹಾಕ್ತರಂತೆ. ಬಾಯ್ಲರ್ ಗುಜರಿಗಂತೆ."

"ಅವರು ಹೇಳೋದೂ ಸುಳ್ಳಲ್ಲವಲ್ಲಮ್ಮ, ಚಿಟ್ಟೆ ಎದ್ದರೆ ಎಲ್ಲ ಹೋಯಿತಲ್ಲ?" ಎಂದರು ನಮ್ಮವರು.

"ಸುಳ್ಳು ಅಂತ ನಾನೆಲ್ಲಂದೆ? ಸುಳ್ಳಾಗಿದ್ರೆ ನಿದ್ದೆ ಬತ್ತಿತ್ತು."

ಈ ಹಳೇ ಮಾದರಿಯ ವಾಲ್ವ್ ಅಂಗಡಿಗಳಲ್ಲಿ ಸಿಗುವುದಿಲ್ಲ. ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಟ್ಯಾಪಿನ ಸಂದುಗಳಲ್ಲೆಲ್ಲ ಹಿತ್ತಾಳೆಯ ಪುಡಿ ಒತ್ತಿ ಒತ್ತಿ ಇಟ್ಟಿಗೆಯಾಗಿತ್ತು. ಕೊಡೆಯ ಕಡ್ಡಿ ಇಳಿಯಲು ಕೂದಲಷ್ಟು ಜಾಗವಿಲ್ಲ. ಟ್ಯಾಪನ್ನು ಮುಂದಕ್ಕೆ ಒಂದು ಸುತ್ತು ತಿರುಗಿಸಿದರೆ, ಪುಡಿ ಮುರಿದು ಉದುರಲು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಬೇಕು. ಇಲ್ಲಿ ಹಿಂದಕ್ಕೆ ಬಂದ ಗುರುತೇ ಇರಲಿಲ್ಲ.

"ಒಂದು ಸಲವೂ ಹಿಂದಕ್ಕೆ ತಿರುಗಿಸಲಿಲ್ಲವಾ ನಂಜೇಗೌಡರೇ?"

ಅವನು ತಲೆ ಕೆರೆದುಕೊಂಡ. "ಫಿಟ್ಟರ್ ಹೇಳಿದ್ದ ಕಣಕ್ಕ. ಕೈ ಬರ್ನಿಲ್ಲ. ರಾಟೇನ ಹಿಂದಕ್ ತಿರುಗ್ಸುದ್ರೆ ನೂಲು ಗೋಜಲಾಯ್ತದೆ. ಚಿಕ್ಕೋನಿದ್ದಾಗ ಅದುಕ್ಕೇ ಏಟು ತಿಂದಿವ್ನಿ. ಈ ಕೈ ಹಿಂದಕ್ಕೆ ಹೋಗಾಕಿಲ್ಲ."

"ಬಾಯ್ಲರ್ ತರಾಕೆ ನಾನ್ ಬೇಕು, ಮುರಿಯಾಕೆ ನೀನ್ ಬೇಕು," ಎಂದಳು ಜಯಮ್ಮ. ಆದರೂ ಒದ್ದೆಯಾದ ಅವನ ಟವೆಲು ಇಸಿದುಕೊಂಡು, ಹಿಂಡಿ, ಕೊಟ್ಟಳು.

ಸ್ಪಾರ್ಕ್ ಮೆಷಿನ್ ಇದ್ದಿದ್ದರೆ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಆದರೆ ಹಿಂದಿನ ದಿನದ ಸಿಡಿಲಿಗೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು, ಕರೆಂಟು ಯಾವಾಗ ಬರುವುದೋ ಯಾರೂ ಹೇಳುವಂತಿರಲಿಲ್ಲ. ಉಳಿದದ್ದು ಪಟಿಕ. ಮುರಿದದ್ದು ಫಿಟ್ಟರನ ಹಳೇ ಕಾರ್ಬನ್ ಉಕ್ಕಿನ ಟ್ಯಾಪ್ ಎಂಬುದೊಂದೇ ಸಮಾಧಾನ. ಹೊಸ ಬಗೆಯ ಗಟ್ಟಿ ಉಕ್ಕಾಗಿದ್ದರೆ ಪಟಿಕ ಇನ್ನೂ ನಿಧಾನ. ಸೊಪ್ಪಿನ ಸಾರಿನ ದೊಡ್ಡ ಮಡಕೆ ಇಳಿಸಿ, ಪಟಿಕ ಕುಟ್ಟಿ ಕರಗಿಸಿ, ವಾಲ್ವನ್ನು ತೂತು ಮೇಲಾಗುವಂತೆ ಕೂರಿಸಿ, ಒಲೆ ಸಣ್ಣಗೆ ಹಚ್ಚಿದೆ.

"ನೀನ್ ಹೋಗಿ ತಟ್ಟೆ ಹತ್ರ ಕೂತ್ಕೊ," ಎಂದಳು ಜಯಮ್ಮ ಗಂಡನಿಗೆ. "ನಿಮ್ಮಣ್ಣ ಟೆಂಪೋ ತಂದ್ರೆ ಒಸಿ ತಡಿ."

"ನಮ್ಮಣ್ಣನ್ನ ನಾನ್ ತಡಿಯಾದಾ?"

"ಹೋಗ್ಲಿ, ಕಾಫಿನಾದ್ರೂ ಕಾಸ್ಕೊಡು. ಕುಡಿಯೋವರ್ಗಾದ್ರೂ ಕೂತಿರ್ತರೆ."

ಅವನು ಹೋದ. ಜಯಮ್ಮ ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಗೂಡು ತೆಗೆದು ಕಿಟಕಿಯ ಮೇಲೆ ಸಾಲಾಗಿ ಇಟ್ಟಳು. ಮಳೆಯ ಬೆಳಕಿನಲ್ಲಿ ಅವು ತಿಳಿ ಹಳದಿಯಾಗಿ, ಒಳಗೆ ಸಣ್ಣ ದೀಪವಿಟ್ಟ ಹಾಗೆ ಕಂಡವು. "ಇವೂ ಅದೇ ತಟ್ಟೆವು. ಇಲ್ಲಿ ತುದಿ ಒದ್ದೆಯಾದ್ರೆ ಅಲ್ಲೂ ಆದಂಗೆ," ಎಂದಳು.

ಆ ದಿನವನ್ನು ಈಗ ನೆನೆಸಿಕೊಂಡರೆ ಒಂದು ಉದ್ದವಾದ ಮಧ್ಯಾಹ್ನ ಮಾತ್ರ ನೆನಪಿಗೆ ಬರುತ್ತದೆ. ಮಡಕೆಯ ನೀರು ಕುದಿಯದೆ ಸುಮ್ಮನೆ ಬೆವರುತ್ತಿತ್ತು. ಸ್ವಲ್ಪ ಹೊತ್ತಿಗೆ ತೂತಿನೊಳಗಿನಿಂದ ಗುಳ್ಳೆಗಳು ಎದ್ದವು. ರಾಗಿಗಿಂತ ಸಣ್ಣವು, ಒಂದರ ಹಿಂದೊಂದು, ಕಾಣದ ದಾರದಲ್ಲಿ ಪೋಣಿಸಿದ ಹಾಗೆ ಮೇಲೆ ಬಂದು ಒಡೆಯುವುವು. ಉಕ್ಕು ಕರಗುತ್ತಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ. ನಾವಿಬ್ಬರೂ ಅವನ್ನೇ ನೋ‌ಡುತ್ತಾ ನೆಲದ ಮೇಲೆ ಕೂತಿದ್ದೆವು. ಜಯಮ್ಮ ಹುಳಗಳ ಬಗ್ಗೆ ಹೇಳುತ್ತಿದ್ದಳು. ಅವು ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಬಿಡುವುದು, ಆಗ ತಲೆಯೆತ್ತಿ ದೇವರಿಗೆ ಕೈ ಮುಗಿದ ಹಾಗೆ ಅಲುಗದೆ ಇರುವುದು, ನಾಲ್ಕನೇ ಜ್ವರದಿಂದ ಎದ್ದ ಮೇಲೆ ಸೊಪ್ಪು ತಿನ್ನುವ ಸದ್ದಿಗೆ ಮನೆಯವರಿಗೆ ಮಳೆ ಬಂತೇನೋ ಅನ್ನಿಸುವುದು. ಹೊರಗೆ ನಿಜವಾದ ಮಳೆ ಸುರಿಯುತ್ತಿತ್ತು. ಅವಳ ಮಾತಿನ ಮಳೆ ಯಾವುದು, ಹೊರಗಿನದು ಯಾವುದು ಎಂದು ನನಗೆ ಒಂದೊಂದು ಸಲ ತಿಳಿಯುತ್ತಿರಲಿಲ್ಲ.

"ಅವಕ್ಕೆ ಹಬೆ ಕೊಡುವಾಗ ಏನೂ ಅನ್ನಿಸುವುದಿಲ್ಲವಾ?" ಎಂದು ಕೇಳಿದೆ.

"ಅನ್ಸ್ತದೆ. ಅದುಕ್ಕೇ ಒಂದೆಳೇನೂ ದಂಡ ಮಾಡ್ಬಾರ್ದು ಅಂತೀನಿ."

ನಡುನಡುವೆ ವಾಲ್ವನ್ನು ಎತ್ತಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಕರಿಯ ಕೆಸರು ತೆಗೆದು, ಮತ್ತೆ ಮುಳುಗಿಸುವುದು. ಹೊಳೆಯುತ್ತಿದ್ದ ಉಕ್ಕು ಮಂಕಾಯಿತು, ಆಮೇಲೆ ಕಪ್ಪಾಯಿತು. ಆದರೆ ಅಲುಗಲಿಲ್ಲ. ಸಂಜೆಯಾದರೂ ಅಲುಗಲಿಲ್ಲ. ರಾತ್ರಿಯ ಬಗ್ಗೆ ಹೇಳುವಂಥದ್ದೇನಿಲ್ಲ; ಒಲೆಯನ್ನು ನಮ್ಮವರಿಗೆ ಒಪ್ಪಿಸಿ ಮಲಗಿದೆವು.

ಬೆಳಿಗ್ಗೆ ಹಲ್ಲುಜ್ಜಿ ಬರುವಷ್ಟರಲ್ಲಿ ಜಯಮ್ಮ ಕಿಟಕಿಯ ಬಳಿ ನಿಂತಿದ್ದಳು. ಒಂದು ಗೂಡನ್ನು ಹಿಡಿದು ನನ್ನ ಕಡೆ ತೋರಿಸಿದಳು. ತುದಿಯಲ್ಲಿ ಕಣ್ಣೀರಿನ ಹನಿಯಷ್ಟು ಒದ್ದೆ. ಅದೇ ಹೊತ್ತಿಗೆ ಫೋನು ಬಂತು. ನಂಜೇಗೌಡನ ದನಿ ನನಗೂ ಕೇಳಿಸುತ್ತಿತ್ತು. "ಮೇಲ್ಗಡೆ ತಟ್ಟೇಲಿ ಒಂದೆರಡು ಎದ್ದವೆ. ಅಣ್ಣ ಟೆಂಪೋ ತಂದು ನಿಲ್ಸವ್ನೆ. ಎರಡು ಲೋಟ ಕಾಫಿ ಆಯ್ತು."

"ಇನ್ನೊಂದು ಲೋಟ ಕೊಡು," ಎಂದು ಅವಳು ಫೋನಿಟ್ಟಳು.

ನಮ್ಮವರು ಪಂಚ್ ಮತ್ತು ಸುತ್ತಿಗೆ ಹಿಡಿದುಕೊಂಡೇ ಬಂದರು. "ಸಾಕಷ್ಟು ಸವೆದಿದೆ. ಒಂದೇಟು ಕೊಟ್ಟರೆ ಒಳಗೇ ಪುಡಿಯಾಗುತ್ತೆ. ಕೊಟ್ಟುಬಿಡೋಣ."

ತೂತಿನ ಹೊರಗೋಡೆ ತೆಳು. ನನ್ನ ಕಿರುಬೆರಳ ಉಗುರಿನಷ್ಟು ದಪ್ಪ ಇದ್ದರೆ ಹೆಚ್ಚು.

"ಹೊಡುದ್ರೆ ಬತ್ತದಾ ಅಕ್ಕ?" ಎಂದಳು ಜಯಮ್ಮ.

"ಬರಬಹುದು. ಹಿತ್ತಾಳೆ ಸೀಳಲೂಬಹುದು. ಸೀಳಿದರೆ ಮತ್ತೆ ಕೂಡಿಸಲಾಗುವುದಿಲ್ಲ."

"ಬುಟ್ರೆ?"

"ಅದಾಗೇ ಸಡಿಲವಾಗುತ್ತದೆ. ಯಾವಾಗ ಎಂದು ಹೇಳಲಾರೆ."

ವಾಲ್ವ್ ಅವಳದು, ಗೂಡು ಅವಳದು. ಅವಳು ಕೈಯಲ್ಲಿದ್ದ ಗೂಡನ್ನು ಮೆಲ್ಲಗೆ ಕಿಟಕಿಯ ಮೇಲಿಟ್ಟು, "ಹೊಡೀಬ್ಯಾಡಿ ಅಣ್ಣಾರೆ. ಒಸಿ ನಾನ್ ನೋಡ್ಲಾ?" ಎಂದು ಮಡಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನೀರು ತಣಿಸಲು ನಾನು ಏಳುವುದರೊಳಗೆ ಆ ಬಿಸಿಗೇ ಕೈ ಇಳಿಸಿದಳು. ಬೇಸಿನ್ ಮುಂದೆ ಕೂತವರ ಬೆರಳಿಗೆ ಅದೊಂದು ಬಿಸಿಯೇ ಅಲ್ಲ. ಕಣ್ಣು ಮುಚ್ಚಿಕೊಂಡು, ತೂತಿನ ಮೇಲೆ ಬೆರಳ ತುದಿಯಿಟ್ಟು ಬಹಳ ಹೊತ್ತು ಹಾಗೇ ಇದ್ದಳು.

"ಅಲ್ಲಾಡ್ತದೆ."

ನೀರು ಸ್ವಲ್ಪ ಆರಿದ ಮೇಲೆ ನಾನೂ ಬೆರಳಿಟ್ಟು ನೋಡಿದೆ. ಕಲ್ಲಿನ ಹಾಗಿತ್ತು. "ನನಗೆ ತಿಳಿಯುತ್ತಿಲ್ಲವಲ್ಲೇ" ಎಂದೆ.

"ಒತ್ಬಾರ್ದು ಅಕ್ಕ. ಎಳೆ ಸಿಕ್ಕದ್ಯಾ ಅಂತ ಕೇಳ್ದಂಗೆ ಮುಟ್ಬೇಕು."

ಚಿಮಟ ಕೊಟ್ಟರೆ ಬೇಡವೆಂದಳು. ಬಾಗಿಲ ಮೂಲೆಯ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದು, ತುದಿಯನ್ನು ಹಲ್ಲಲ್ಲಿ ಕಚ್ಚಿ ಮೆತ್ತಗೆ ಮಾಡಿ, ಪಕ್ಕದಲ್ಲಿ ಕರಗಿದ ಸಂದಿಗೆ ಇಳಿಸಿದಳು. ಮುಂದಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ. ಕರಿಯ ಕೆಸರಿನ ಒಂದು ಎಳೆ ನೀರಿನಲ್ಲಿ ಹೊಗೆಯಂತೆ ಎದ್ದಿತು. ಅದರ ಹಿಂದೆ ಏನೋ ಒಂದು ಓರೆಯಾಗಿ ಮೇಲೆ ಬಂತು. ಅವಳು ಎರಡು ಬೆರಳಲ್ಲಿ ಹಿಡಿದು ಅಂಗೈಯಲ್ಲಿಟ್ಟುಕೊಂಡಳು. ಹಳೆಯ ಲವಂಗದ ಹಾಗೆ ಕಪ್ಪಗೆ, ಮುರುಟಿಕೊಂಡಿತ್ತು.

"ಇಷ್ಟೇನಾ?"

"ಇಷ್ಟೇ."

ನಮ್ಮವರು ಸುತ್ತಿಗೆಯನ್ನು ಬಾಗಿಲ ಹಿಂದೆ ಇಟ್ಟರು. ವಾಲ್ವನ್ನು ತೊಳೆದು, ಹೊಸ ಟ್ಯಾಪ್ ಹಾಕಿ, ಮುಂದಕ್ಕೊಂದು ಸುತ್ತು, ಹಿಂದಕ್ಕೆ ಅರ್ಧ, ಸದ್ದಿಲ್ಲದೆ ಥ್ರೆಡ್ ತೆಗೆದರು. ಜಯಮ್ಮ ಅಷ್ಟರಲ್ಲಿ ಫೋನು ಹಿಡಿದು, "ಒಲೆ ಹಚ್ಚು, ನೀರು ಕಾಯ್ಲಿ. ಬತ್ತಾವ್ನಿ" ಎನ್ನುತ್ತಿದ್ದಳು.

ಅವಳ ಜೊತೆ ಆಟೋದಲ್ಲಿ ನಾನೂ ಹೊರಟೆ. ನಾನು ಬಿಡಿಸಿಕೊಟ್ಟ ಜಾಬುಗಳು ಆಮೇಲೆ ಎಲ್ಲಿ ಹೋಗಿ ಏನಾಗುತ್ತವೆಂದು ಅಷ್ಟು ವರ್ಷದಲ್ಲಿ ಒಂದನ್ನೂ ನೋಡಿರಲಿಲ್ಲ. ಮಳೆ ನಿಂತಿತ್ತು, ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳು ನೀರು ಹೊತ್ತು ಬಾಗಿದ್ದವು.

ಮನೆಯ ಮುಂದೆ ಟೆಂಪೋ ನಿಂತಿತ್ತು. ಅರ್ಧ ತಟ್ಟೆಗಳು ಆಗಲೇ ಏರಿದ್ದವು. ಕರೀಗೌಡರು ಹಗ್ಗ ಬಿಗಿಯುತ್ತಿದ್ದರು. ಎತ್ತರದ ಆಳು, ಬಿಳಿ ಮೀಸೆ. ನಮ್ಮನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಮಧ್ಯಾಹ್ನ ಆಯ್ತಲ್ಲವ್ವ."

"ಆಗ್ಲಿ ಬಾವ. ಹಗ್ಗ ಒಸಿ ಸಡ್ಲ ಕಟ್ಟಿ. ಬಿಚ್ಚಾಕೆ ಸುಲ್ಬ ಆಯ್ತದೆ."

ಅವಳು ನಿಲ್ಲದೆ ಒಳಗೆ ಹೋದಳು. ಬಾಯ್ಲರಿನ ಮನೆ ಕತ್ತಲೆ, ಸೌದೆಯ ಹೊಗೆ. ನಂಜೇಗೌಡ ವಾಲ್ವ್ ಕೂರಿಸಿ ನಟ್ಟು ಬಿಗಿಯುವಾಗ ಜಯಮ್ಮ ಅವನ ಮಣಿಕಟ್ಟನ್ನೇ ನೋಡುತ್ತಿದ್ದಳು. ಆಮೇಲೆ ಕಾಯುವುದು. ಒತ್ತಡ ತೋರಿಸುವ ಮೀಟರಿನ ಮುಳ್ಳು ಏಳಲಿಲ್ಲ, ಏಳಲಿಲ್ಲ, ಆಮೇಲೆ ನಿಧಾನವಾಗಿ ಎದ್ದಿತು. ನಾನು ಆ ತೂತಿನ ಹತ್ತಿರ ಅಂಗೈ ಹಿಡಿದೆ. ಬಿಸಿಯಿತ್ತು, ಒದ್ದೆಯಿರಲಿಲ್ಲ. ಹಬೆ ತನಗೆ ಹೇಳಿದ ದಾರಿಯಲ್ಲೇ ಹೋಗುತ್ತಿತ್ತು.

ಟೆಂಪೋ ಏರದೆ ಉಳಿದಿದ್ದ ತಟ್ಟೆಗಳು ಮೊದಲು ಹಬೆಗೆ ಹೋದವು. ಅವನ್ನೆಲ್ಲ ಕೂರಿಸಿ ನಾವು ತಿರುಗಿ ನೋಡಿದರೆ ಬಾಗಿಲಲ್ಲಿ ಕರೀಗೌಡರು, ತಲೆಯ ಮೇಲೊಂದು ತಟ್ಟೆ ಹೊತ್ತು ನಿಂತಿದ್ದರು. "ಹಿಡ್ಕಳ್ಲಾ ನಂಜ, ಏನ್ ನೋಡ್ತಾ ನಿಂತಿದ್ದೀಯ," ಎಂದರು. "ಮೇಲ್ಗಡೇವು ಒಂದಷ್ಟು ತೂತಾಗವೆ, ಬ್ಯಾರೆ ಇಡಿ."

ಸಂಜೆಯ ಹೊತ್ತಿಗೆ ನಾನು ಹೊರಟಾಗ ಬಸ್ಸು ಹೋಗಿಬಿಟ್ಟಿತ್ತು. "ಟೆಂಪೋ ಹೆಂಗೂ ಖಾಲಿ ಹೊಯ್ತದೆ, ಬುಟ್ಟು ಬತ್ತೀನಿ ಹತ್ತಿ," ಎಂದರು ಕರೀಗೌಡರು. ಗೂಡುಗಳಿಗೆಂದು ತಂದ ಗಾಡಿಯಲ್ಲಿ ನಾನೊಬ್ಬಳೇ ಮುಂದೆ ಕೂತೆ. ಹಿಂದೆ ಹಗ್ಗ ಸಡಿಲವಾಗಿ ಹೊರಳಾಡುತ್ತಿತ್ತು. ಗಾಜಿನ ಮೇಲೆ ಎಲ್ಲಿಂದಲೋ ಬಂದ ಒಂದು ಬಿಳಿ ಚಿಟ್ಟೆ, ರೆಕ್ಕೆ ಇನ್ನೂ ಬಿಡಿಸಿಕೊಳ್ಳದೆ ಮುದುರಿ, ಹಾರಲು ತಿಳಿಯದೆ ನಡೆಯುತ್ತಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, ಗಾಡಿ ನಿಧಾನಿಸಿ, ಬೇಲಿಯ ಎಲೆಯೊಂದರ ಮೇಲೆ ಬಿಟ್ಟರು.

"ಆ ತುಂಡು ತಾನೇ ಬಿತ್ತಾ?" ಎಂದು ಕೇಳಿದರು.

"ಇಲ್ಲ. ಜಯಮ್ಮ ಬೆರಳಲ್ಲಿ ತೆಗೆದಳು."

ರಾಮನಗರದಲ್ಲಿ ನಮ್ಮ ಬೀದಿಗೆ ಅಷ್ಟರಲ್ಲಿ ಕರೆಂಟು ಬಂದಿತ್ತು. ನಾನು ಇಳಿದು ಬಾಗಿಲು ಹಾಕಿದೆ. ಅವರು ಗಾಡಿ ತಿರುಗಿಸಿಕೊಂಡು, ನನಗೋ ತಮಗೋ ಎಂದು ತಿಳಿಯದ ಹಾಗೆ ಹೇಳಿದರು:

"ಬಾಯ್ಲರ್‌ಗೆ ಹುಣ್ಸೆ ಸೌದೆ ಆಗ್ಬೇಕು. ನಂಜ ಹಸಿ ಸೌದೆ ತುರುಕ್ಬುಟ್ಟವ್ನೆ, ನೋಡ್ದೆ. ನಾಳೆ ಹೊತ್ತಾರೆ ನಾನೇ ಒಡೀಬೇಕು."